ತಾಯಿಯನ್ನು ವೈನಿ ಎಂದು ಕರೆದೆ

ನನ್ನ ತಾಯಿ ಹೋಗಿ ಎರಡು ತಿಂಗಳಾಯಿತು. ಅವಳು ಇರುವ ತನಕ ನಾನು ಒಮ್ಮೆಯೂ ಅವಳನ್ನು ಅವ್ವ ಎಂದು ಕರೆಯಲಿಲ್ಲ. ವೈನಿ ಎಂದೇ ಕರೆದೆ. ವೈನಿ ಎಂದರೆ ಅಣ್ಣನ ಹೆಂಡತಿ. ಇದರಿಂದ ಅವಳ ಮನಸ್ಸಿಗೆ ನೋವಾಗಿತ್ತೇ ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಕೇಳಲಿಲ್ಲ. ಈಗ ಕೇಳುವ ಹಾಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಒಂದೇ ಪಡಸಾಲೆಯಲ್ಲಿ, ಕಾಲು ಇಳಿಬಿಡಲು ನೆಲದಲ್ಲಿ ಗುಂಡಿ ತೋಡಿದ ಮೂರು ಕುಣಿಮಗ್ಗ. ತಂದೆ ಹಿರಿಯರು, ಅವರ ಬೆನ್ನಿಗೆ ನಾಲ್ವರು ತಮ್ಮಂದಿರು. ನನ್ನ ತಾಯಿ ಹನ್ನೆರಡನೆಯ ವಯಸ್ಸಿಗೆ ಸೊಸೆಯಾಗಿ ಬಂದಾಗ ಅವರಲ್ಲಿ ಕೊನೆಯವನಾದ ಸಣ್ಣ ಕಾಕಾ ಇನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ಅವನನ್ನು ಹೆತ್ತ ನಮ್ಮಜ್ಜಿ ಬಾಣಂತನದಲ್ಲೇ ತೀರಿದ್ದಳು. ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ತಾಯಿ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳಂತೆ. ಅವನ ಬಾಯಲ್ಲಿ ಮೊದಲು ಬಂದ ಮಾತು ವೈನಿ. ನಾನು ಹುಟ್ಟುವ ಹೊತ್ತಿಗೆ ಮನೆಯಲ್ಲಿ ಬೆಳಗಿನಿಂದ ಇದೇ ಕೂಗು.

"ವೈನೀ, ಕಂಡಿಕಿ ಮುಗದಾವ!"

"ವೈನೀ, ನೂಲಿನ ಗಂಜಿ ಆರಾಕತ್ತೇತಿ!"

ನಾನೂ ಅದನ್ನೇ ಕಲಿತೆ. ಯಾರೂ ತಿದ್ದಲಿಲ್ಲ. ತುಂಬಿದ ಮನೆಗಳಲ್ಲಿ ಇದು ಇದ್ದದ್ದೇ. ತಂದೆಯನ್ನೂ ನಾನು ಅಣ್ಣ ಎಂದೇ ಕರೆಯುತ್ತಿದ್ದೆ.

ನಮ್ಮ ಓಣಿಯಲ್ಲಿ ಅವ್ವ ಎಂಬ ಮಾತಿಗೂ ಒಂದು ನೆಲೆ ಇರಲಿಲ್ಲ. ಎಡಗಡೆಯವರು ತೆಲುಗು ಮಾತಾಡುವ ನೇಕಾರರು. ಅವರಲ್ಲಿ ಅವ್ವ ಎಂದರೆ ಅಜ್ಜಿ. ನಾವು ಅಜ್ಜಿಗೆ ಆಯಿ ಅನ್ನುವವರು. ಜಮಖಂಡಿಯಿಂದ ವರ್ಗವಾಗಿ ಬಂದ ಸಂಸ್ಥಾನದ ಕಾರಕೂನರ ಮನೆಮಾತು ಮರಾಠಿ. ಅವರ ಮಕ್ಕಳಿಗೆ ಆಯಿ ಎಂದರೆ ಹೆತ್ತವಳು, ತಾಯಿ ಎಂದರೆ ಅಕ್ಕ. ಓಣಿಯ ತುದಿಯಲ್ಲಿ ನೂಲಿಗೆ ಬಣ್ಣ ಹಾಕುವ ಮುಸಲ್ಮಾನರಿದ್ದರು. ಅವರ ಮಕ್ಕಳು ತಾಯಿಯನ್ನು ಭಾಬಿ ಎನ್ನುತ್ತಿದ್ದರು, ಕಾಕಾಗಳ ಬಾಯಿಂದ ಕಲಿತು, ನನ್ನ ಹಾಗೆಯೇ. ಆ ಮನೆಯ ಮಕ್ಕಳ ಮೇಲೆ ನನಗೆ ಒಂದು ತರಹದ ಅಕ್ಕರೆ.

ಸಾಲೆಗೆ ಹೋದಾಗಲೇ ನನಗೆ ಇದು ಚುಚ್ಚಿದ್ದು. ಒಬ್ಬ ಹುಡುಗಿ ಎಲ್ಲರೆದುರು ಅಂದಳು, "ಇಕಿಗೆ ಅವ್ವನ ಇಲ್ಲ ಬೇ! ಬರೇ ವೈನಿ ಅದಾಳ. ಇಕಿನ್ನ ಯಾರ ಹಡದಾರ, ಮಗ್ಗ ಹಡದೇತೇನ?"

ನಾನು ಅಳತೊಡಗಿದೆ. ಮಾಸ್ತರರು ಆ ಹುಡುಗಿಯನ್ನು ಬೈಯಲಿಲ್ಲ. ಅವಳನ್ನೇ ಹತ್ತಿರ ಕರೆದು ಕೇಳಿದರು, "ನಿಮ್ಮಪ್ಪಗ ನೀ ಏನಂತಿ?"

"ಅಣ್ಣಾ ಅಂತೇನ್ರಿ."

"ಹಂಗಾರ ನಿನಗ ಅಪ್ಪ ಇಲ್ಲೇನು?"

ಇಡೀ ಇಯತ್ತೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವರು ಹೇಳಿದರು: ವೈನಿ ಎಂಬುದು ಮರಾಠಿಯ ವಹಿನಿ, ನಮ್ಮ ಕಡೆ ಬಂದು ಸವೆದು ಸಣ್ಣದಾಗಿದೆ. ನಮ್ಮ ಅಕ್ಕ, ಅಣ್ಣ ಆ ಕಡೆಗೆ ಹೋಗಿ ಮರಾಠಿಯವರ ಮನೆಯಲ್ಲಿ ಕೂತಿವೆ. "ಸೊಸೆಂದಿರು ಹೋಗಿ ಬಂದ ಮಾಡ್ತಾರಲಾ, ಮಾತೂ ಹಂಗ" ಎಂದರು. ನಾನು ಓದಿದ್ದು ನಾಲ್ಕನೆಯ ಇಯತ್ತೆಯ ತನಕ. ಅದರಲ್ಲಿ ಇಷ್ಟು ಚೆನ್ನಾಗಿ ನೆನಪಿರುವ ಪಾಠ ಇನ್ನೊಂದಿಲ್ಲ.

ಆದರೂ ಮನೆಗೆ ಬಂದವಳೇ ತಾಯಿಗೆ ಹೇಳಿದೆ, "ಇವತ್ತಿಂದ ನಿನಗ ಅವ್ವ ಅಂತೇನಿ."

"ಅನ್ನು, ನೋಡೂಣು" ಎಂದು ರಾಟಿ ನಿಲ್ಲಿಸಿದಳು.

ಬಾಯಿ ತೆರೆದೆ. ಪರವೂರಿನ ಹೆಂಗಸಿನ ಮುಂದೆ ನಿಂತಷ್ಟು ನಾಚಿಕೆಯಾಯಿತು. ಮಾತು ಬರಲಿಲ್ಲ.

"ಬಿಡ ಬೇ. ರೊಟ್ಟಿ ಬೇಕಂದ್ರ ಹೆಂಗ ಕರದ್ರೂ ಬರ್ತೇನಿ" ಎಂದು ನಕ್ಕು, ಮುಖ ತಿರುಗಿಸಿ ಮತ್ತೆ ನೂಲು ಹಿಡಿದಳು. ಆ ನಗು ಮುಖದ ಮೇಲೆ ಉಳಿಯಿತೋ ಇಲ್ಲವೋ ನನಗೆ ಕಾಣಲಿಲ್ಲ. ಮದುವೆಯಾಗಿ ಬೀಳಗಿಗೆ ಹೋದ ಮೇಲೂ, ನನ್ನ ಮಕ್ಕಳು ನನ್ನನ್ನು ಅವ್ವ ಎಂದು ಕರೆದಾಗಲೆಲ್ಲ, ಆ ತಿರುಗಿದ ಮುಖ ಕಣ್ಣ ಮುಂದೆ ಬರುತ್ತಿತ್ತು.

ನಮ್ಮ ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ಈ ವರ್ಷವೇ ಅವಳು ಹಾಸಿಗೆ ಹಿಡಿದಳು. ನಾನು ಬಂದು ಇಪ್ಪತ್ತು ದಿನ ಅವಳ ಹತ್ತಿರವೇ ಇದ್ದೆ. ಒಂದು ದಿನ ಬೆಳಿಗ್ಗೆ, ನೀರು ಕುಡಿಸಿ ಲೋಟ ಕೆಳಗಿಡುವಷ್ಟರಲ್ಲಿ ಹೋಗಿಬಿಟ್ಟಳು.

ಮಧ್ಯಾಹ್ನ ಮುಧೋಳದಿಂದ ಅವಳ ಚಿಗವ್ವ, ಅವಳನ್ನು ಹೆತ್ತವಳ ತಂಗಿ, ಬಂದಳು. ಕಣ್ಣಿಗೆ ಪೊರೆ ಬಂದ ಮುದುಕಿ. ನನ್ನನ್ನು ನೋಡಿ ಎಷ್ಟೋ ವರ್ಷವಾಗಿತ್ತು. ನಾನು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವೈನೀ, ವೈನೀ ಎಂದು ಅಳುತ್ತಿದ್ದೆ. ಮೈತೊಳೆಸಲು ನೀರು ಕಾಸಿ ಇಟ್ಟಿದ್ದರು. ನಮ್ಮ ಮನೆತನದಲ್ಲಿ ಮೊದಲ ತಂಬಿಗೆ ಮಗಳು ಹಾಕಬೇಕು.

"ಮಗಳು ಬರೂತನಕ ಯಾರೂ ನೀರ ಮುಟ್ಟಬ್ಯಾಡ್ರಿ" ಎಂದು ಮುದುಕಿ ಹಂಡೆಗೆ ಕೈ ಅಡ್ಡ ಹಿಡಿದಳು. "ಬೀಳಗಿ ಏನ ದೂರ ಐತಿ? ಬಂದಿಲ್ಲಲ್ಲ, ಎಂಥ ಮಗಳ ಬೇ ಅಕಿ!"

ಬಾಗಿಲಲ್ಲಿ ನಿಂತಿದ್ದ ಸಣ್ಣ ಕಾಕಾ ಹೇಳಿದ, "ಇಕಿನ ಮಗಳ್ರೀ. ತಲಿ ಹಿಡಕೊಂಡ ಕುಂತಾಳಲ್ರೀ."

"ಮತ್ತ ವೈನಿ ಅಂತ ಅಳಾಕತ್ತಾಳಲ್ಲೊ?"

"ನಾವ ಕಲಿಸಿದ್ದರೀ. ನನ್ನ ತಪ್ಪರೀ."

ಮುದುಕಿ ತಡಕಾಡಿ ನನ್ನ ಗಲ್ಲ ಹಿಡಿದಳು. ಆಮೇಲೆ ಅಳುತ್ತಲೇ ಅಂದಳು, "ನಿಮ್ಮವ್ವ ಹುಟ್ಟಿ ಬೆಳದದ್ದು ನಮ್ಮ ತವರಮನ್ಯಾಗ. ನಮ್ಮಕ್ಕಗ ನಾ ಅಕ್ಕಾ ಅಂತಿದ್ನಿ. ಇಕಿನೂ ಹೆತ್ತಾಕಿಗೆ ಅಕ್ಕಾ ಅಂತನ ಕಲತ್ಲು. ಕಡೀತನಕ ಹಂಗ ಅಂದ್ಲು. ನಮ್ಮಕ್ಕ ಒಂದ ದಿನ ಬ್ಯಾಸರ ಮಾಡಿಕೊಳ್ಳಲಿಲ್ಲ. ಹಾಕ, ನನ ಕೂಸ, ನೀರ ಹಾಕ. ಹೆಂಗ ಕರೀತಿದ್ದಿ ಹಂಗ ಕರದ ಹಾಕ."

ವೈನೀ ಎಂದು ಕರೆದು ಮೊದಲ ತಂಬಿಗೆ ಹಾಕಿದೆ.

ತಾನೂ ಹೆತ್ತವಳನ್ನು ಅಕ್ಕಾ ಎಂದೇ ಕರೆದದ್ದನ್ನು ತಾಯಿ ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಎಂದು ದಿನಾ ಯೋಚಿಸುತ್ತೇನೆ. ಹೇಳಬೇಕಾದ ಸಂಗತಿ ಎಂದು ಅವಳಿಗೆ ಅನ್ನಿಸಿಯೇ ಇರಲಿಕ್ಕಿಲ್ಲ.