ಮಗ ಬರುವವರೆಗೆ

ಶಿರ್ವದ ವಲೇರಿಯನ್ ಉಡುಪಿಯ ವಕೀಲರೊಬ್ಬರ ಬಳಿ ಟೈಪ್ ಮಾಡಿ ಮಾಡಿ ಬೆರಳು ಸವೆಸಿದ ಮೇಲೆ ದೋಹಾಕ್ಕೆ ಬಂದ. ಹೊರಡುವ ದಿನ ಅಮ್ಮ ಕೊನ್ಸೆಪ್ಟಾ ನಗುತ್ತಲೇ ಕೇಳಿದ್ದರು, "ನಾನು ಸತ್ತಾಗಲಾದರೂ ಬರ್ತೀಯಲ್ಲ?" ಬಂದೇ ಬರುತ್ತೇನೆ ಎಂದಿದ್ದ.

ದೋಹಾದಲ್ಲಿ ಸಿಕ್ಕಿಬಿದ್ದದ್ದು ಜನರಲ್ ಸರ್ ಲಯೋನೆಲ್ ಹಾರ್ಟ್‌ವೆಲ್ ಕೈಗೆ. ಅವರು ಇಂಗ್ಲೆಂಡಿನ ಲಾರ್ಡ್ ಒಬ್ಬರ ಎರಡನೇ ಮಗ, ಏಡನ್‌ನಲ್ಲಿ ಬ್ರಿಟಿಷ್ ದಂಡು ನಡೆಸಿದವರು. ನಿವೃತ್ತರಾದ ಮೇಲೆ ಇಲ್ಲಿನ ಕಂಪನಿಯೊಂದಕ್ಕೆ ದೊಡ್ಡ ಸಾಹೇಬರಾಗಿ ಬಂದಿದ್ದರು. ದಂಡು ಹೋಗಿತ್ತು, ದರ್ಪ ಹೋಗಿರಲಿಲ್ಲ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಬೆಳಿಗ್ಗೆ ಆಫೀಸಿನ ಕಾಗದ, ಮಧ್ಯಾಹ್ನ ಜನರಲ್‌ರ ಆತ್ಮಕಥೆ. ಅವರು ಕಿಟಕಿಯತ್ತ ತಿರುಗಿ ನಿಂತು ಹೇಳುವರು, ವಲೇರಿಯನ್ ಟೈಪ್ ಮಾಡುವನು. ಲಾರ್ಡ್‌ರ ಮನೆಯ ಬೇಟೆನಾಯಿಗಳ ಹೆಸರೂ ಅವನಿಗೆ ಬಾಯಿಪಾಠವಾಗಿತ್ತು. ಜನರಲ್‌ರಿಗೆ ಬಲು ಹೆಮ್ಮೆಯ ಪ್ರಸಂಗ ಒಂದಿತ್ತು. ಏಡನ್‌ನಲ್ಲಿದ್ದಾಗ ತಾಯಿ ತೀರಿಕೊಂಡ ತಂತಿ ಬಂತು; ಓದಿ ಜೇಬಿಗಿಳಿಸಿ ಕವಾಯತಿಗೆ ಹೋದರು, ಊರಿಗೆ ಹೋಗಲಿಲ್ಲ. ರಜೆ ಕೇಳಿದವರಿಗೆಲ್ಲ ಈ ಕಥೆಯೇ ಉತ್ತರ. ಕೇಳಿ ಕೇಳಿ ವಲೇರಿಯನ್‌ಗೆ ರೇಗುತ್ತಿತ್ತು. ಆದರೆ ಹೊಟ್ಟೆಪಾಡು, ಬಾಯಿಗೆ ಬೀಗ.

ತೊಂಬತ್ತನಾಲ್ಕರ ಬೇಸಿಗೆ. ದೋಹಾದ ನಜ್ಮಾ ಬಡಾವಣೆಯಲ್ಲಿದ್ದ ಅವನ ಕೋಣೆಯ ಕೆಳಗಿನ ಕೆಫೆಟೇರಿಯಾಕ್ಕೆ ತಮ್ಮ ಝೇವಿಯರ್‌ನ ಫೋನ್ ಬಂತು.

"ಅಣ್ಣಾ, ಅಮ್ಮ ಹೋದರು. ಐಸ್ ತರಿಸಿದ್ದೇವೆ. ನೀನು ಬಾರದೆ ಮಣ್ಣು ಮಾಡುವುದಿಲ್ಲ."

ಎಕ್ಸಿಟ್ ಪರ್ಮಿಟ್ ಇಲ್ಲದೆ ಕತಾರ್ ಬಿಡುವಂತಿಲ್ಲ. ಜನರಲ್ ಸಹಿ ಮಾಡದೆ ಪರ್ಮಿಟ್ ಇಲ್ಲ. ವಲೇರಿಯನ್ ಅವರ ಮೇಜಿನೆದುರು ಹೋಗಿ ನಿಂತ.

"ಶನಿವಾರ ಲಂಡನ್ನಿನವರು ಬರುತ್ತಾರೆ, ಅದು ಮುಗಿಸಿ ಹೋಗು," ಎಂದರು ಜನರಲ್. "ನಾವು ಬಂದದ್ದು ಸತ್ತವರಿಗೆ ತಿಳಿಯುವುದಿಲ್ಲ. ನಾನು ಏಡನ್‌ನಲ್ಲಿದ್ದಾಗ..."

"ಗೊತ್ತು ಸರ್. ನಾನೇ ಟೈಪ್ ಮಾಡಿದ್ದು." ವಲೇರಿಯನ್ ಅವರ ಮಾತನ್ನು ತಡೆದದ್ದು ಅದೇ ಮೊದಲು. "ನಮ್ಮ ಕಡೆ ಗಲ್ಫಿನಲ್ಲಿರುವ ಮಗ ಬರುವವರೆಗೆ ತಾಯಿಯನ್ನು ಹೂಳುವುದಿಲ್ಲ. ಐಸಿನಲ್ಲಿಟ್ಟು ಕಾಯುತ್ತಾರೆ. ಇಡೀ ವಾಡೆ, ಅಕ್ಕಪಕ್ಕದ ಮನೆಯವರೆಲ್ಲ ಕಾಯುತ್ತಾರೆ."

"ಎಲ್ಲಿಯವರೆಗೆ?"

"ನಾನು ಬರುವವರೆಗೆ, ಸರ್."

ಜನರಲ್ ಅವನನ್ನೇ ನೋಡಿದರು. ಪೆನ್ನು ತೆಗೆದು ಸಹಿ ಮಾಡಿ, ತಮ್ಮ ಕಾರಿನಲ್ಲೇ ಏರ್‌ಪೋರ್ಟಿಗೆ ಕಳಿಸಿದರು.

ಬೊಂಬಾಯಿ ಹಾದು ವಲೇರಿಯನ್ ಮನೆ ಮುಟ್ಟಿದಾಗ ಐಸ್ ಕರಗಿ ನೀರು ಜಗಲಿ ಇಳಿದಿತ್ತು. ಅಮ್ಮನ ತಣ್ಣನೆಯ ಹಣೆಗೆ ಮುತ್ತಿಟ್ಟು ಮನಸಾರೆ ಅತ್ತ. ಆಮೇಲೆಯೇ ಪೆಟ್ಟಿಗೆ ಮುಚ್ಚಿದರು.

ಅವನು ಕೆಲಸಕ್ಕೆ ಮರಳಿದ ದಿನ ಜನರಲ್ ಸಂತಾಪದ ಮಾತು ಆಡಲಿಲ್ಲ. "ಕಾದಿದ್ದರೇ?" ಎಂದಷ್ಟೇ ಕೇಳಿದರು.

"ಕಾದಿದ್ದರು, ಸರ್."

ಮಧ್ಯಾಹ್ನ ಎಂದಿನಂತೆ ಕಿಟಕಿಯತ್ತ ತಿರುಗಿ ನಿಂತು, ಏಡನ್‌ನ ಅಧ್ಯಾಯ ತೆಗೆ ಎಂದರು. ತಂತಿಯ ಪ್ರಸಂಗ ಹೊಡೆದುಹಾಕಿಸುತ್ತಾರೆಂದು ವಲೇರಿಯನ್ ಎಣಿಸಿದ. ಅವರು ಹೊಡೆದುಹಾಕಿಸಲಿಲ್ಲ. ಅದರ ಕೆಳಗೆ ಒಂದು ಸಾಲು ಸೇರಿಸಲು ಹೇಳಿದರು:

"ನನಗಾಗಿ ಕಾಯಿರಿ ಎಂದು ನಾನು ಕೇಳಲೇ ಇಲ್ಲ."