ಯಾರೂ ತಿನ್ನದ ನೋರ್ಚೆಯ ಕೇಕು

ಬಿತುಂಗ್ ಬಂದರಿನ ನಮ್ಮ ಕೇರಿಯಲ್ಲಿ ನೋರ್ಚೆಯ ಕೇಕಿನಷ್ಟು ದುಡ್ಡು ದುಡಿದ ತಿಂಡಿ ಇನ್ನೊಂದಿಲ್ಲ. ಅದನ್ನು ತಿಂದವರು ಮಾತ್ರ ಯಾರೂ ಇರಲಿಲ್ಲ.

ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹರಾಜು ನಡೆಯುತ್ತದೆ. ಕೋಳಿ, ಬಾಳೆಗೊನೆ, ಹೊಗೆಯಲ್ಲಿ ಸುಟ್ಟ ಮೀನು, ಏನು ತಂದರೂ ಸರಿ. ಕೂಗಿ ಗೆದ್ದವರು ದುಡ್ಡು ಕೊಟ್ಟು, ದೊಡ್ಡ ಮನಸ್ಸಿದ್ದರೆ ವಸ್ತುವನ್ನು ಮರಳಿ ಮೇಜಿನ ಮೇಲಿಡುತ್ತಾರೆ. ಅದು ಮತ್ತೆ ಹರಾಜಾಗುತ್ತದೆ. ಮೀನಿನ ವಿಷಯದಲ್ಲಿ ದೊಡ್ಡ ಮನಸ್ಸು ಅಪರೂಪ. ನೋರ್ಚೆಯ ಕೇಕು ಬಂದರೆ ಇಡೀ ಕೇರಿಗೇ ದೊಡ್ಡ ಮನಸ್ಸು.

ಗಂಡ ಸತ್ತ ಮೇಲೆ ಮೀನಿನ ಬುಟ್ಟಿ ಹೊತ್ತು ನಾಲ್ವರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು ನೋರ್ಚೆ. ಯಾರಿಗೂ ಜಗ್ಗಿದವಳಲ್ಲ. ಆದರೆ ಹರಾಜು ಮುಗಿದು ಕೇಕನ್ನು ತಾನೇ ಹೊತ್ತೊಯ್ದು ಹಂದಿಗೆ ಹಾಕುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. "ಒಬ್ಬರಾದ್ರೂ ನನ್ನೆದುರಿಗೆ ಒಂದು ತುಂಡು ತಿನ್ಲಿ ಕಣೆ, ಸಾಕು," ಎನ್ನುತ್ತಿದ್ದಳು ನನ್ನ ಹತ್ತಿರ.

ಆ ವರ್ಷ ಎದುರಿನ ದ್ವೀಪದಲ್ಲಿ ಬೆಂಕಿಬೆಟ್ಟ ಸಿಡಿದು, ಅಲ್ಲಿನ ಜನ ದೋಣಿಗಳಲ್ಲಿ ಬಂದು ನಮ್ಮ ಚರ್ಚಿನಲ್ಲೇ ಮಲಗಿದ್ದರು. ಬೂದಿಯ ಭಾರಕ್ಕೆ ಕುಸಿದ ಅವರ ಮನೆಗಳಿಗೆ ಚಾವಣಿಯ ತಗಡು ಕೊಡಿಸಲು ಹರಾಜು ಇಟ್ಟೆವು. ಕೂಗುವವನು ಹೆರ್ಮಾನ್, ಅವನ ಗಂಟಲಿಗೆ ಮೈಕು ಬೇಡ.

ದೋಣಿ ಮಾಲೀಕ ಯೊಪ್ಪಿ ಕೇಕನ್ನು ಗೆದ್ದ. "ದ್ವೀಪದವರಿಗೋಸ್ಕರ ವಾಪಸ್ ಕೊಟ್ಟೆ!" ಎಂದ. ಅಷ್ಟು ಅವಸರದಲ್ಲಿ ಅವನು ಯಾರ ಸಾಲವನ್ನೂ ತೀರಿಸಿದ್ದಿಲ್ಲ. ಆಮೇಲೆ ಅವನ ಅತ್ತೆ ಗೆದ್ದು ವಾಪಸ್ ಕೊಟ್ಟಳು. ಆಮೇಲೆ ಶಾಲೆಯ ಮೇಷ್ಟ್ರು.

"ಇನ್ನೊಂದು ಮನೆಗೆ ತಗಡಾಯ್ತು!" ಹೆರ್ಮಾನ್ ಕುಣಿದ.

ಹಿಂದಿನ ಬೆಂಚಿನಿಂದ ದ್ವೀಪದ ಮುದುಕಿ ದೋರ್ಕಾಸ್ ಎದ್ದಳು. ಉಟ್ಟ ಬಟ್ಟೆಯ ಅಂಚಿನ ಗಂಟು ಬಿಚ್ಚಿ ಒಂದು ಮುದುರಿದ ನೋಟು ತೆಗೆದಳು. "ನಮಗೋಸ್ಕರ ಅಂತೀರಲ್ಲ, ನನಗೇ ಕೊಡಿ."

"ಅಜ್ಜೀ, ಈ ದುಡ್ಡು ಬರೋದೇ ನಿಮಗೆ! ನೀವು ಕೊಂಡ್ಕೊಂಡ್ರೆ ಹೆಂಗೆ?"

"ನನ್ನ ದುಡ್ಡು ನನಗೇ ಬರುತ್ತೆ. ನಿನಗೇನು ನಷ್ಟ?"

ಮನೆ ಕಳೆದುಕೊಂಡವಳಿಗಿಂತ ಹೆಚ್ಚಿಗೆ ಕೂಗಲು ಯಾರಿಗೂ ಬಾಯಿ ಬರಲಿಲ್ಲ. ಹೆರ್ಮಾನ್ ಬಗ್ಗಿ, "ದೊಡ್ಡ ಮನಸ್ಸು ಮಾಡಿ ವಾಪಸ್ ಇಡಿ ಅಜ್ಜಿ," ಎಂದ.

"ಮನಸ್ಸು ದೊಡ್ಡದೇ ಮಗಾ. ಹೊಟ್ಟೆ ಅದಕ್ಕಿಂತ ದೊಡ್ಡದು. ಚಾಕು ಕೊಡು."

ಚಾಕು ಬಾಗಿತು. ಯೊಪ್ಪಿ ಓಡಿಹೋಗಿ ತೆಂಗಿನಕಾಯಿ ಒಡೆಯುವ ಮಚ್ಚು ತಂದ. ಎರಡನೇ ಏಟಿಗೆ ಒಂದು ಚೂರು ಸಿಡಿದು ಮೇಷ್ಟ್ರ ಮಡಿಲಿಗೆ ಬಿತ್ತು. ಅಜ್ಜಿ ಅದನ್ನು ಇಸಿದುಕೊಂಡು, ಕಪ್ಪು ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟಳು. ನೋರ್ಚೆ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಉಗುರು ಇಳಿಯಿತು.

ಅಜ್ಜಿ ಬಹಳ ಹೊತ್ತು ಅಗಿದಳು. "ನಮ್ಮ ಬೆಟ್ಟ ಎಸೆದ ಕಲ್ಲೇ ಇದಕ್ಕಿಂತ ಮೆತ್ತಗಿತ್ತು," ಎಂದಳು. "ಆದ್ರೆ ಅದರಲ್ಲಿ ಬೆಲ್ಲ ಇರ್ಲಿಲ್ಲ," ಎಂದವಳೇ ಇನ್ನೊಂದು ಚೂರಿಗೆ ಕೈಚಾಚಿದಳು.

ಚರ್ಚಿಗೆ ಚರ್ಚೇ ನಕ್ಕಿತು. ನೋರ್ಚೆ ಹೋಗಿ ಮಚ್ಚು ಇಸಿದುಕೊಂಡು ತಾನೇ ಒಡೆಯತೊಡಗಿದಳು.

"ಲೇ ನೋರ್ಚೆ, ಇನ್ನೂ ಮೂರು ಮನೆ ತಗಡು ಇದರಲ್ಲೇ ಬರ್ತಿತ್ತಲ್ಲೇ!" ಹೆರ್ಮಾನ್ ತಲೆ ಚಚ್ಚಿಕೊಂಡ.

"ನಿನ್ನ ಮನೇದು ಕಿತ್ಕೊಡು. ತಿನ್ನೋರ ಮುಂದೆ ಹಂಗೆಲ್ಲ ಕಿರಚಬೇಡ," ಎಂದು ಅವಳು ಅಜ್ಜಿಯ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಳು.