ಶಾರವ್ವನ ಕೊಡಲಿ, ಮಂಜಪ್ಪನ ಮೊದಲ ಏಟು

ಅಕ್ಕಿಆಲೂರಿನ ಸುತ್ತ ಯಾರ ಮನೆಯಲ್ಲಿ ಮದುವೆಯಾದರೂ ಅಡುಗೆಯ ಕಟ್ಟಿಗೆ ಒಡೆಯಲು ಶಾರವ್ವನೇ ಬರಬೇಕು. ಇಪ್ಪತ್ತು ವರ್ಷಗಳಿಂದ ಅದೇ ಅವಳ ಕಸುಬು. ಜಾಲಿಗೆ ಕೊಡಲಿ, ಹುಣಸೆಗೆ ಬೆಣೆ ಮತ್ತು ಸುತ್ತಿಗೆ. ಇದರಲ್ಲಿ ಅವಳು ಎಂದೂ ತಪ್ಪಿದವಳಲ್ಲ.

ಆದರೆ ಅದೇ ಊರಿನ ಮಂಜಪ್ಪ, ತನ್ನ ಮಗಳ ಮದುವೆಯ ಕಟ್ಟಿಗೆಗೆ ಮೊದಲ ಏಟು ಗಂಡಸೇ ಹಾಕಬೇಕೆಂದು ಹಠ ಹಿಡಿದ. ಕೊಡಲಿ ಹಿಡಿದು ಗೊತ್ತಿಲ್ಲ, ಮೇಲೆ ಹಠ ಬೇರೆ! ಶಾರವ್ವನ ಕೈಯಿಂದ ಅದನ್ನು ಕಸಿದುಕೊಂಡು ಹುಣಸೆ ಕೊರಡಿನ ಗಂಟಿಗೇ ಬೀಸಿದ. ಕೊಡಲಿ ಸಿಕ್ಕಿಕೊಂಡಿತು. ನೆರೆದವರು ನಕ್ಕರು. ಆ ಸಿಟ್ಟಿಗೆ ಅವಳದೇ ಸುತ್ತಿಗೆ ಎತ್ತಿ ಕೊಡಲಿಯ ಬೆನ್ನಿಗೆ ಬಡಿಯತೊಡಗಿದ.

"ಏ, ಬಡೀಬ್ಯಾಡ್ರಿ! ಅದು ಕೊಡ್ಲಿ ಐತಿ, ಬೆಣಿ ಅಲ್ಲ!" ಎಂದು ಶಾರವ್ವ ಕೂಗಿದಳು. ಅಷ್ಟರಲ್ಲಿ ಕೊಡಲಿಯ ಮರದ ಹಿಡಿ ಕೂರುವ ತೂತು ಟಣ್ಣನೆ ಸೀಳಿತು.

"ಹೆಣ್ಮಕ್ಕಳ ಕೊಡ್ಲಿ, ಅದಕ್ಕ ತಾಳಲಿಲ್ಲ," ಎಂದ ಮಂಜಪ್ಪ.

ಶಾರವ್ವನ ಮೈಯೆಲ್ಲ ಉರಿದುಹೋಯಿತು. ಕೊರಡನ್ನು ಕಾಲಿನಿಂದ ಹೊರಳಿಸಿದಳು. ಬಿಸಿಲಿಗೆ ತಾನಾಗಿ ಬಿಟ್ಟಿದ್ದ ಬಿರುಕಿಗೆ ಬೆಣೆ ಇಟ್ಟು, ಮೂರೇ ಏಟಿಗೆ ಎರಡು ಹೋಳು ಮಾಡಿದಳು. ಸೀಳಿದ ಕೊಡಲಿ ಕಳಚಿ ಬಿತ್ತು. ಅದನ್ನೆತ್ತಿ ಸೆರಗಿನಿಂದ ಒರೆಸಿ, ಬೆಣೆ ಸುತ್ತಿಗೆಗಳ ಜೊತೆ ಚೀಲಕ್ಕೆ ಹಾಕಿಕೊಂಡು ಹೊರಟಳು.

"ಎಲ್ಲಿ ಹೊಂಟಿ? ಗಾಡಿ ತುಂಬ ಕೊರಡು ಬಿದ್ದಾವು. ನಾಳೆ ಒಲಿಗೆ ಏನ್ ಹಾಕೋಣು?" ಮಂಜಪ್ಪ ಗಾಬರಿಯಾದ.

ಶಾರವ್ವ ತಿರುಗಿಯೂ ನೋಡಲಿಲ್ಲ.

"ನಿಮ್ಮ ಗಂಡಸ್ತನ ಐತಲ್ರಿ, ಅದನ್ನ ಹಾಕ್ರಿ."